ಕಡಲ ಬಿರುಗಾಳಿಯ ಕಥೆಯಿಂದ ಇಂಗ್ಲಿಷ್ ಪದಗಳನ್ನು ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಮಾಧ್ಯಮದ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತ ಬಂದಿರುವ ನಾನು, ಐದರಿಂದ ಏಳನೆಯ ತರಗತಿಯ ಮಕ್ಕಳಿಗೆ ಪ್ರತಿ ವರ್ಷವೂ ಕಡಲ ಬಿರುಗಾಳಿಯ ಕಥೆಯೊಂದನ್ನು ಹೇಳಿ ಪದಗಳನ್ನು ಕಲಿಸುತ್ತೇನೆ. ಮೊದಲು ಕರಾವಳಿಯ ಶಾಲೆಯಲ್ಲಿ ಹೇಳುತ್ತಿದ್ದ ಕಥೆಯನ್ನು ಈಗ ಬಯಲುಸೀಮೆಯ ಶಾಲೆಯಲ್ಲಿ ಹೇಳುತ್ತಿದ್ದೇನೆ. ತರಬೇತಿಗಳಲ್ಲಿ ಸಹೋದ್ಯೋಗಿಗಳು, ಶಾಲೆಯ ಅಂಗಳದಲ್ಲಿ ಪಾಲಕರು ಮತ್ತು ಪತ್ರಗಳಲ್ಲಿ ಅಪರಿಚಿತರು ಕೇಳಿದ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಓದುವ ಅನುಕೂಲಕ್ಕಾಗಿ ಇಂಗ್ಲಿಷ್ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ತರಗತಿಯಲ್ಲಿ ಹಾಗೆ ಮಾಡಬಾರದೇಕೆ ಎಂಬುದು ಮುಂದೊಂದು ಉತ್ತರದಲ್ಲಿ ಬರುತ್ತದೆ.

## ಆರಂಭದಲ್ಲಿ ಕೇಳುವವು

ನೀವು ಹೇಳುವ ಕಥೆ ಯಾವುದು ಮೇಡಂ? ಎಲ್ಲಿ ಸಿಗುತ್ತದೆ?

ಎಲ್ಲಿಯೂ ಸಿಗುವುದಿಲ್ಲ, ಏಕೆಂದರೆ ಅದನ್ನು ನಾನೇ ಕಟ್ಟಿಕೊಂಡೆ. ಇಂಗ್ಲಿಷಿನಲ್ಲಿ ಸುಮಾರು 250 ಪದಗಳಷ್ಟಿದೆ. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಹುಡುಗಿಯೊಬ್ಬಳು ಹಟ ಹಿಡಿದು ಅಪ್ಪ ಮತ್ತು ಚಿಕ್ಕಪ್ಪನ ಜೊತೆ ನಾಡದೋಣಿಯಲ್ಲಿ ಮೀನುಗಾರಿಕೆಗೆ ಹೊರಡುತ್ತಾಳೆ. ಗಂಟೆಯೊಳಗೆ ಪಡುವಣ ಆಕಾಶ ಕಪ್ಪಾಗಿ ಗಾಳಿ ಗರ್ಜಿಸತೊಡಗುತ್ತದೆ. ಲಂಗರು ಇಳಿಸುತ್ತಾರೆ, ಅದರ ಹಗ್ಗ ಫಟ್ಟನೆ ಹರಿಯುತ್ತದೆ. ಎಂಜಿನ್ ನಿಂತುಹೋಗಿ ದೋಣಿ ಗಾಳಿ ಎಳೆದತ್ತ ತೇಲಿಹೋಗುತ್ತದೆ. ತೊಯ್ದು ತೊಪ್ಪೆಯಾದ ಮೂವರೂ ದೋಣಿಯ ಅಂಚನ್ನು ಅವಚಿಕೊಳ್ಳುತ್ತಾರೆ. ದೋಣಿ ಮುಳುಗೀತೆಂಬ ಭಯದಲ್ಲಿ ಹುಡುಗಿ ಬಕೆಟ್ಟಿನಿಂದ ನೀರನ್ನು ಮೊಗೆಮೊಗೆದು ಹೊರಗೆ ಚೆಲ್ಲುತ್ತಾಳೆ. ದೂರದಲ್ಲಿ ದೀಪಸ್ತಂಭದ ಬೆಳಕು ಕಂಡಾಗ ಅಪ್ಪ ಹುಟ್ಟು ಹಾಕಿ ದೋಣಿಯನ್ನು ಅತ್ತ ತಿರುಗಿಸುತ್ತಾನೆ, ಇನ್ನೊಂದು ದೋಣಿಯವರು ಬಂದು ಕಾಪಾಡುತ್ತಾರೆ, ಎಲ್ಲರೂ ದಡ ಸೇರುತ್ತಾರೆ, ಬೆಳಗಾದಾಗ ಕಡಲು ಶಾಂತವಾಗಿರುತ್ತದೆ.

ಆಗಸ್ಟ್ ಎಂದು ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗಸ್ಟ್ ಬಂತೆಂದರೆ ಕಡಲಲ್ಲಿ ಮತ್ತೆ ದೋಣಿಗಳ ಓಡಾಟ ಹೆಚ್ಚುತ್ತದೆ, ಹಾಗಾಗಿ ಕಾಪಾಡಲು ಇನ್ನೊಂದು ದೋಣಿ ಸಮಯಕ್ಕೆ ಬಂದದ್ದನ್ನು ನಂಬಬಹುದು. ಇಂಥ ಸಣ್ಣ ಸಂಗತಿಯಲ್ಲಿ ತಪ್ಪಿದರೆ ಕರಾವಳಿಯ ಮಕ್ಕಳು ಒಡನೆಯೇ ಹಿಡಿಯುತ್ತಾರೆ, ಹಿಡಿದ ಮೇಲೆ ಕಥೆಯನ್ನು ನಂಬುವುದಿಲ್ಲ.

ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದರೆ ಒಂದೇ ದಿನದಲ್ಲಿ ಮುಗಿಯುತ್ತದಲ್ಲ, ಕಥೆ ಯಾಕೆ ಬೇಕು?

ಬಾಯಿಪಾಠವನ್ನು ನಾನು ಹೀಗಳೆಯುವುದಿಲ್ಲ. ಪದವನ್ನು ನೆನಪಿನಲ್ಲಿ ಗಟ್ಟಿಗೊಳಿಸುವ ಹಂತದಲ್ಲಿ ಅದಕ್ಕೆ ಅದರ ಕೆಲಸವಿದೆ. ಆದರೆ ಪಟ್ಟಿಯಲ್ಲಿ ಕಲಿತ ಪದದ ಅರ್ಥವೊಂದೇ ಗೊತ್ತಿರುತ್ತದೆ. ಅದನ್ನು ಯಾರು, ಯಾವಾಗ, ಯಾವುದರ ಬಗ್ಗೆ ಹೇಳುತ್ತಾರೆ ಎಂಬುದು ಗೊತ್ತಿರುವುದಿಲ್ಲ. ಸ್ನ್ಯಾಪ್ ಎಂದರೆ ತುಂಡಾಗು ಎಂದು ಪಟ್ಟಿಯಿಂದ ಕಲಿತ ಮಗು, ತರಕಾರಿ ತುಂಡರಿಸುವುದಕ್ಕೂ ಅದನ್ನೇ ಬಳಸುತ್ತದೆ. ಬಿಗಿದು ನಿಂತ ಲಂಗರಿನ ಹಗ್ಗ ಒಮ್ಮೆಲೇ ಹರಿದ ಗಳಿಗೆಯಲ್ಲಿ ಅದೇ ಪದವನ್ನು ಕೇಳಿದ ಮಗುವಿಗೆ, ಒತ್ತಡ ತಾಳದೆ ಹಠಾತ್ತಾಗಿ, ಸದ್ದಿನೊಡನೆ ತುಂಡಾಗುವುದು ಎಂಬ ಪೂರ್ಣ ಅರ್ಥ ವಿವರಣೆಯಿಲ್ಲದೆಯೇ ಸಿಗುತ್ತದೆ. ಕಥೆಯೊಳಗೆ ಯಾರಿಗೋ ಆ ಪದ ಬೇಕೇಬೇಕೆನಿಸಿದ ಕ್ಷಣದಲ್ಲಿ ಅದನ್ನು ಮಗುವಿನ ಕೈಗೆ ಕೊಡಬೇಕು. ನನ್ನ ವಿಧಾನದಲ್ಲಿ ಉಳಿದುದೆಲ್ಲ ಇದರಿಂದಲೇ ಹುಟ್ಟಿದೆ.

ಕಥೆಗಳಿಗೇನು ಬರವೇ? ಸಮುದ್ರದ ಬಿರುಗಾಳಿಯನ್ನೇ ಏಕೆ ಹಿಡಿದಿರಿ?

ಬಿರುಗಾಳಿಯ ಕಥೆಯಲ್ಲಿ ಕ್ರಿಯಾಪದಗಳು ದಟ್ಟವಾಗಿ ಬರುತ್ತವೆ. ನಮ್ಮ ಮಕ್ಕಳ ಇಂಗ್ಲಿಷ್ ಪದಸಂಗ್ರಹವನ್ನು ನೋಡಿದರೆ ಹಣ್ಣು, ಪ್ರಾಣಿ, ಬಣ್ಣ, ವಾಹನಗಳ ಹೆಸರುಗಳೇ ತುಂಬಿರುತ್ತವೆ, ಕ್ರಿಯಾಪದಗಳು ಬೆರಳೆಣಿಕೆಯಷ್ಟು. ಹೆಸರುಗಳಷ್ಟೇ ಇದ್ದರೆ ವಾಕ್ಯ ಹುಟ್ಟುವುದಿಲ್ಲ. ಇನ್ನೊಂದು ಕಾರಣವೆಂದರೆ ಈ ಕಥೆಯ ನಡೆ ಎಲ್ಲ ಮಕ್ಕಳಿಗೂ ತಾನಾಗಿ ಅರ್ಥವಾಗುತ್ತದೆ: ಶಾಂತಿ, ಅಪಾಯ, ಹೋರಾಟ, ಬಿಡುಗಡೆ. ಮುಂದೇನಾಗುತ್ತದೆ ಎಂಬ ಕಾತರ ಇರುವವರೆಗೆ ಮಗು ಗೊತ್ತಿಲ್ಲದ ಪದವನ್ನೂ ದಾಟಿಕೊಂಡು ಮುಂದಕ್ಕೆ ಬರುತ್ತದೆ.

ನಮ್ಮ ಶಾಲೆ ಸಮುದ್ರದಿಂದ 400 ಕಿಲೋಮೀಟರ್ ದೂರದಲ್ಲಿದೆ. ಸಮುದ್ರವನ್ನೇ ಕಾಣದ ಮಕ್ಕಳಿಗೆ ಇದು ಹೇಗೆ ಅರ್ಥವಾಗಬೇಕು?

ಬಯಲುಸೀಮೆಗೆ ವರ್ಗವಾಗಿ ಬಂದಾಗ ಈ ಅಳುಕು ನನಗೂ ಇತ್ತು. ಆದರೆ ಸಮುದ್ರ ಕಾಣದ ಮಕ್ಕಳೂ ಬಿರುಗಾಳಿಯನ್ನು ಬಲ್ಲರು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ತಗಡಿನ ಶೀಟು ಹಾರಿದ್ದು, ಮರ ಬುಡಮೇಲಾದದ್ದು, ಕರೆಂಟು ಹೋಗಿ ಅಮ್ಮನ ಸೆರಗು ಹಿಡಿದು ಕುಳಿತದ್ದು ಅವರ ನೆನಪಿನಲ್ಲಿರುತ್ತದೆ. ನಾನು ಮೊದಲ ದಿನ ಕನ್ನಡದಲ್ಲೇ ಅವರ ಮಳೆಗಾಲದ ಅನುಭವಗಳನ್ನು ಕೇಳುತ್ತೇನೆ. ಆಮೇಲೆ ಹೇಳುತ್ತೇನೆ: ಅದೇ ಗಾಳಿ, ಆದರೆ ಕಾಲ ಕೆಳಗೆ ನೆಲವಿಲ್ಲ. ತರಗತಿ ಒಮ್ಮೆಗೇ ಮೌನವಾಗುತ್ತದೆ.

ಸಮುದ್ರವನ್ನು ನಾಲಿಗೆಗೂ ತೋರಿಸಬಹುದು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಕುಡಿಯುವ ನೀರಿನಲ್ಲಿ ಅಷ್ಟು ಉಪ್ಪು ಕದಡಿ ಪ್ರತಿ ಮಗುವಿಗೆ ಒಂದೊಂದು ಹನಿ ಕೊಡುತ್ತೇನೆ. ಮುಖ ಕಿವುಚಿದ ಮಕ್ಕಳಿಗೆ, ಸುತ್ತ ಇಷ್ಟು ನೀರಿದ್ದರೂ ಹುಡುಗಿ ಬಾಯಾರಿ ಬಳಲಿದ್ದು ಏಕೆಂದು ಬಿಡಿಸಿ ಹೇಳಬೇಕಾಗುವುದಿಲ್ಲ.

ಒಂದು ಕಥೆಗೆ ಎಷ್ಟು ಹೊಸ ಪದ ಇಡಬಹುದು?

ನಾನು 11 ಪದ ಇಡುತ್ತೇನೆ. ಇಂಗ್ಲಿಷ್ ಪದಸಂಪತ್ತಿನ ಕಲಿಕೆಯ ಬಗ್ಗೆ ದಶಕಗಳ ಕಾಲ ಅಧ್ಯಯನ ನಡೆಸಿದ ನ್ಯೂಜಿಲೆಂಡಿನ ಪಾಲ್ ನೇಷನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ನೆರವೂ ಇಲ್ಲದೆ ಓದಿ ತಿಳಿಯಬೇಕಾದರೆ ಪಠ್ಯದ ಶೇಕಡ 98ರಷ್ಟು ಪದಗಳು ಮೊದಲೇ ಗೊತ್ತಿರಬೇಕು, ಎಂದರೆ 50 ಪದಗಳಿಗೆ ಒಂದೇ ಒಂದು ಹೊಸ ಪದ. ಆ ಲೆಕ್ಕದಲ್ಲಿ 250 ಪದಗಳ ಕಥೆಗೆ 5 ಹೊಸ ಪದ ಸಾಕು. ಆದರೆ ತರಗತಿಯಲ್ಲಿ ಮಗು ಒಂಟಿಯಾಗಿ ಓದುವುದಿಲ್ಲ. ಚಿತ್ರವಿದೆ, ಅಭಿನಯವಿದೆ, ಶಿಕ್ಷಕರ ದನಿಯಿದೆ. ಆದ್ದರಿಂದ ಅದರ ಸುಮಾರು ಎರಡರಷ್ಟನ್ನು ಧೈರ್ಯವಾಗಿ ಇಡಬಹುದು. ಇಪ್ಪತ್ತಕ್ಕೆ ಏರಿಸಿದ ವರ್ಷ ನನ್ನ ತರಗತಿಯಲ್ಲಿ ಕಥೆಯೂ ಉಳಿಯಲಿಲ್ಲ, ಪದಗಳೂ ಉಳಿಯಲಿಲ್ಲ.

## ತರಗತಿಯೊಳಗಿನ ಪ್ರಶ್ನೆಗಳು

ಯಾವ ಪದಗಳನ್ನು ಆರಿಸಬೇಕು? ಹಡಗಿನ ಭಾಗಗಳನ್ನೆಲ್ಲ ಕಲಿಸಬೇಕೇ?

ಬೇಡ. ಸಮುದ್ರದ ಕಥೆ ಎಂದೊಡನೆ ಮಾಸ್ಟ್, ಹಲ್, ಡೆಕ್, ಕೀಲ್ ಎಂದು ಕಪ್ಪುಹಲಗೆ ತುಂಬಿಸುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಕಥೆ ಮುಗಿದ ಮರುದಿನದಿಂದ ಆ ಪದಗಳಿಗೆ ಮಗುವಿನ ಬದುಕಿನಲ್ಲಿ ಕೆಲಸವಿರುವುದಿಲ್ಲ. ಸಮುದ್ರ ಸರಿದ ಮೇಲೂ ನೆಲದ ಮೇಲೆ ನಿಲ್ಲುವ ಪದಗಳನ್ನು ಆರಿಸಬೇಕು. ನನ್ನ 11 ಇವು: ರೋರ್ (ಗರ್ಜಿಸು), ಆಂಕರ್ (ಲಂಗರು), ಸ್ನ್ಯಾಪ್ (ಫಟ್ಟನೆ ಹರಿ), ಡ್ರಿಫ್ಟ್ (ತೇಲಿಹೋಗು), ಸೋಕ್ಡ್ (ತೊಯ್ದು ತೊಪ್ಪೆಯಾದ), ಕ್ಲಿಂಗ್ (ಅವಚಿಕೊಳ್ಳು), ಸಿಂಕ್ (ಮುಳುಗು), ಸ್ಟಿಯರ್ (ಬೇಕಾದತ್ತ ತಿರುಗಿಸು), ರೆಸ್ಕ್ಯೂ (ಕಾಪಾಡು), ಶೋರ್ (ದಡ), ಕಾಮ್ (ಶಾಂತ).

ಸೀಮೆಸುಣ್ಣವನ್ನು ಬಗ್ಗಿಸಿದರೆ ಸ್ನ್ಯಾಪ್ ಆಗುತ್ತದೆ. ಮೋಡಗಳು ಡ್ರಿಫ್ಟ್ ಆಗುತ್ತವೆ. ಒದ್ದೆ ಅಂಗಿ ಮೈಗೆ ಕ್ಲಿಂಗ್ ಆಗುತ್ತದೆ, ಹೊಸ ಊರಿನಲ್ಲಿ ತಮ್ಮ ಅಕ್ಕನ ಕೈಗೆ ಕ್ಲಿಂಗ್ ಆಗುತ್ತಾನೆ. ಟ್ರ್ಯಾಕ್ಟರಿನ ಸ್ಟಿಯರಿಂಗ್ ಗೊತ್ತಿರುವ ಮಗುವಿಗೆ ಸ್ಟಿಯರ್ ಅರ್ಧ ಗೊತ್ತಿದ್ದಂತೆಯೇ. ಹಡಗಿಗೆ ಮಾತ್ರ ಸೇರಿದ್ದೆಂದು ತೋರುವ ಆಂಕರ್ ಪದವನ್ನು ಉಳಿಸಿಕೊಂಡದ್ದು ಕಥೆಯ ತಿರುವು ಅದರ ಮೇಲೆ ನಿಂತಿರುವುದರಿಂದ. ಒಬ್ಬ ಹುಡುಗಿ, ಆಂಕರ್ ಎಂದರೆ ಟಿ.ವಿ.ಯಲ್ಲಿ ಕಾರ್ಯಕ್ರಮ ನಡೆಸಿಕೊಡುವವರಲ್ಲವೇ ಎಂದು ಕೇಳಿದಳು. ಅವಳು ಹೇಳಿದ್ದು ಸರಿ. ಎತ್ತಲೋ ಸರಿದುಹೋಗಬಹುದಾದುದನ್ನು ಒಂದೆಡೆ ಹಿಡಿದು ನಿಲ್ಲಿಸುವುದು ಎರಡರಲ್ಲೂ ಇದೆ ಎಂದು ಹೇಳಿದಾಗ ಅವಳ ಮುಖ ಅರಳಿದ್ದು ನನಗೆ ಇಂದಿಗೂ ನೆನಪಿದೆ.

ಅರ್ಥವನ್ನು ಕನ್ನಡದಲ್ಲಿ ಹೇಳಿಬಿಟ್ಟರೆ ತಪ್ಪೇ? ತರಬೇತಿಯಲ್ಲಿ ಇಂಗ್ಲಿಷಿನಲ್ಲೇ ಹೇಳಿ ಎನ್ನುತ್ತಾರೆ.

ತಪ್ಪಲ್ಲ. ಮಗುವಿಗೆ ಈಗಾಗಲೇ ಒಂದು ಸಮೃದ್ಧ ಭಾಷೆ ಇದೆ. ಅದನ್ನು ಬಾಗಿಲಾಚೆ ನಿಲ್ಲಿಸಿ ಪಾಠ ಮಾಡುವುದರಿಂದ ನಮಗೆ ನಷ್ಟವೇ. ಎಚ್ಚರ ವಹಿಸಬೇಕಾದದ್ದು ಎರಡು ಭಾಷೆಗಳು ಲೋಕವನ್ನು ಬೇರೆ ಬೇರೆ ಕಡೆ ಗೆರೆ ಎಳೆದು ವಿಂಗಡಿಸಿಕೊಂಡಿರುವಲ್ಲಿ. ಬಿರುಗಾಳಿಯ ಕಥೆಯಲ್ಲಿ ಅಂಥ ಜಾಗಗಳು ಹೇರಳ.

ಕನ್ನಡದಲ್ಲಿ ಹಡಗೂ ಮುಳುಗುತ್ತದೆ, ಈಜು ಬಾರದವನೂ ಮುಳುಗುತ್ತಾನೆ, ಸಂಜೆ ಸೂರ್ಯನೂ ಮುಳುಗುತ್ತಾನೆ. ಇಂಗ್ಲಿಷಿನಲ್ಲಿ ಹಡಗು ಸಿಂಕ್ ಆಗುತ್ತದೆ, ನೀರು ಕುಡಿದು ಉಸಿರುಗಟ್ಟುವ ಮನುಷ್ಯ ಡ್ರೌನ್ ಆಗುತ್ತಾನೆ, ಸೂರ್ಯ ಸೆಟ್ ಆಗುತ್ತಾನೆ. ಸಿಂಕ್ ಎಂದರೆ ಮುಳುಗು ಎಂದಷ್ಟೇ ಬರೆಸಿ ಸುಮ್ಮನಾದರೆ, ಹಡಗು ಡ್ರೌನ್ ಆಯಿತು ಎಂಬ ವಾಕ್ಯ ಬರುವುದು ಖಂಡಿತ. ದಡ ಎಂಬ ನಮ್ಮ ಒಂದು ಮಾತು ಹೊಳೆಗೂ ಕೆರೆಗೂ ಕಡಲಿಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಹೊಳೆಯದು ಬ್ಯಾಂಕ್, ಕಡಲದು ಮತ್ತು ದೊಡ್ಡ ಕೆರೆಯದು ಶೋರ್. ತೇಲು ಎಂಬುದೂ ಹಾಗೆಯೇ: ನಿಂತಲ್ಲೇ ತೇಲಿದರೆ ಫ್ಲೋಟ್, ಗಾಳಿಯೋ ಸೆಳೆತವೋ ಎಳೆದತ್ತ ತೇಲಿಹೋದರೆ ಡ್ರಿಫ್ಟ್. ಬೋಗುಣಿಯ ನೀರಿನಲ್ಲಿ ಕಾಗದದ ದೋಣಿ ಬಿಟ್ಟು, ಮೊದಲು ಸುಮ್ಮನಿದ್ದು, ಬಳಿಕ ಮೆಲ್ಲಗೆ ಊದಿದರೆ ಈ ಎರಡೂ ಒಂದು ನಿಮಿಷದಲ್ಲಿ ಬೇರೆಯಾಗಿ ಕಾಣುತ್ತವೆ.

ಕೆಲವು ಕಡೆ ಕನ್ನಡವೇ ಹೆಚ್ಚು ಸೂಕ್ಷ್ಮವಾಗಿದೆ, ಅದನ್ನೂ ಮಕ್ಕಳಿಗೆ ಹೆಮ್ಮೆಯಿಂದ ಹೇಳಬೇಕು. ನಮ್ಮಲ್ಲಿ ಕಣ್ಣಿಗೆ ಕಾಣುವುದು ಮಿಂಚು, ಕಿವಿಗೆ ಕೇಳುವುದು ಗುಡುಗು, ಮರಕ್ಕೆ ಬಡಿಯುವುದು ಸಿಡಿಲು. ಇಂಗ್ಲಿಷಿನ ದಿನಬಳಕೆಯಲ್ಲಿ ಮಿಂಚಿಗೂ ಸಿಡಿಲಿಗೂ ಲೈಟ್ನಿಂಗ್ ಎಂಬ ಒಂದೇ ಪದ ಸಾಕಾಗುತ್ತದೆ.

ಕಥೆ ಓದುವಾಗ ಪ್ರತಿ ಹೊಸ ಪದಕ್ಕೂ ನಿಲ್ಲಿಸಿ ವಿವರಿಸಬೇಕೇ?

ಮೊದಲ ಸಲ ಒಮ್ಮೆಯೂ ನಿಲ್ಲಿಸಬೇಡಿ. ದೋಣಿ ಅಲೆಯ ನೆತ್ತಿಯ ಮೇಲಿರುವಾಗ ಅರ್ಥ ಬರೆದುಕೊಳ್ಳಿ ಎಂದರೆ ಮಕ್ಕಳ ಮೈಯೊಳಗಿನ ಬಿರುಗಾಳಿ ಇಳಿದುಹೋಗುತ್ತದೆ. ಮೊದಲ ಸಲ ದನಿ, ಕೈ, ಕಣ್ಣುಗಳಿಂದಲೇ ಕಥೆ ಸಾಗಲಿ. ಎರಡನೆಯ ಸಲ ಓದುವಾಗ ಪದ ಬಂದ ಜಾಗದಲ್ಲಿ ನಾನು ನಿಂತು, ಅದನ್ನು ಮಕ್ಕಳಿಂದಲೇ ಹೇಳಿಸುತ್ತೇನೆ. ಮೂರನೆಯ ಸಲ ಮಾತ್ರ ಪುಸ್ತಕ, ಪೆನ್ಸಿಲ್ಲು ಹೊರಗೆ ಬರುತ್ತವೆ.

ಗಾಳಿ ಸುಯ್ಯೆಂದಿತು, ಅಲೆ ಧಡಾರನೆ ಬಡಿಯಿತು ಎನ್ನುತ್ತೇವಲ್ಲ, ಇವನ್ನೆಲ್ಲ ಇಂಗ್ಲಿಷಿನಲ್ಲಿ ಹೇಗೆ ಹೇಳಿಕೊಡುವುದು?

ಈ ಪ್ರಶ್ನೆ ನನಗೆ ಬಹಳ ಪ್ರಿಯವಾದುದು, ಏಕೆಂದರೆ ಎರಡು ಭಾಷೆಗಳ ಜಾಯಮಾನ ಇಲ್ಲಿ ಬಯಲಾಗುತ್ತದೆ. ಕನ್ನಡದಲ್ಲಿ ಸದ್ದನ್ನು ಹೇಳಲು ಅನುಕರಣಾವ್ಯಯಗಳಿವೆ: ಧೋ ಎಂದು ಸುರಿಯಿತು, ಗುಡುಗುಡು ಎಂದು ಉರುಳಿತು, ಪಟಪಟ ಬಡಿಯಿತು. ಸದ್ದು ಒಂದು ಪದ, ಕ್ರಿಯೆ ಇನ್ನೊಂದು ಪದ. ಇಂಗ್ಲಿಷ್ ಸಾಮಾನ್ಯವಾಗಿ ಸದ್ದನ್ನು ಕ್ರಿಯಾಪದದ ಹೊಟ್ಟೆಯೊಳಗೇ ಇಟ್ಟುಬಿಡುತ್ತದೆ. ಅಲೆ ಧಡಾರನೆ ಅಪ್ಪಳಿಸುವುದು ಅಷ್ಟೂ ಸೇರಿ ಕ್ರ್ಯಾಶ್. ಗಾಳಿ ಊಳಿಡುವುದು ಹೌಲ್, ಕಡಲು ಭೋರ್ಗರೆಯುವುದು ರೋರ್, ಹಳೆಯ ಹಲಗೆ ಕಿರ್ರೆನ್ನುವುದು ಕ್ರೀಕ್, ದೂರದ ಗುಡುಗು ಗುಡುಗುಡಿಸುವುದು ರಂಬಲ್, ಮಳೆಹನಿ ಟಪಟಪ ಎನ್ನುವುದು ಪ್ಯಾಟರ್.

ತರಗತಿಯನ್ನು ಆರು ಗುಂಪು ಮಾಡಿ ಪ್ರತಿಯೊಂದಕ್ಕೂ ಒಂದೊಂದು ಸದ್ದು ಕೊಡುತ್ತೇನೆ. ನಾನು ಕಥೆ ಓದುವಾಗ ಆ ಕ್ರಿಯಾಪದ ಬಂದೊಡನೆ ಆ ಗುಂಪು ತನ್ನ ಸದ್ದನ್ನು ಮಾಡಬೇಕು. ಹಲಗೆಯ ಕಿರಿಕಿರಿಗೆ ಮಕ್ಕಳು ಹಳೆಯ ಬೆಂಚನ್ನು ಅಲುಗಾಡಿಸುತ್ತಾರೆ, ಮಳೆಗೆ ಬೆರಳುಗಳಿಂದ ಡೆಸ್ಕು ಬಡಿಯುತ್ತಾರೆ. ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಟ್ಟಿರುವುದು ಒಳ್ಳೆಯದು. ಈ ಆರು ಪದಗಳನ್ನು ನಾನು ಬರೆಸುವುದಿಲ್ಲ, ಪರೀಕ್ಷೆಗೂ ಕೇಳುವುದಿಲ್ಲ. ಮೇಲಿನ 11ರಲ್ಲಿರುವ ರೋರ್ ಒಂದನ್ನುಳಿದು ಉಳಿದವು ಕಿವಿಯಲ್ಲಿ ಕುಳಿತರೆ ಸಾಕು.

ಮಕ್ಕಳು ಇಂಗ್ಲಿಷ್ ಪದದ ಮೇಲೆ ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳುತ್ತಾರೆ. ಬಿಡಬಹುದೇ?

ಬಿಡಿಸಲು ಪ್ರಯತ್ನಿಸಿ, ಆದರೆ ಗದರಬೇಡಿ. ಅದು ಮಗು ತಾನೇ ಕಂಡುಕೊಂಡ ಊರುಗೋಲು. ತೊಂದರೆ ಏನೆಂದರೆ ಇಂಗ್ಲಿಷಿನ ಕೆಲವು ವ್ಯತ್ಯಾಸಗಳನ್ನು ನಮ್ಮ ಲಿಪಿ ತೋರಿಸಲಾರದು. ಅಲೆ ಎಂಬರ್ಥದ ವೇವ್ ಪದದ ಮೊದಲ ಧ್ವನಿಯೂ ಕೊನೆಯ ಧ್ವನಿಯೂ ಬೇರೆ ಬೇರೆ, ಆದರೂ ಎರಡಕ್ಕೂ ನಾವು ವಕಾರವನ್ನೇ ಬರೆಯುತ್ತೇವೆ. ಮೊದಲನೆಯದಕ್ಕೆ ತುಟಿಗಳನ್ನು ಸೀಟಿ ಊದುವಂತೆ ಗುಂಡಗೆ ಮಾಡಬೇಕು, ಕೊನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಯನ್ನು ಸೋಕಬೇಕು. ಆ ಒಂದು ಪದವನ್ನು ಕನ್ನಡಿ ಹಿಡಿದು ಅಭ್ಯಾಸ ಮಾಡಿಸಿದರೆ ಎರಡೂ ಧ್ವನಿಗಳು ಒಟ್ಟಿಗೆ ಸಿಗುತ್ತವೆ. ಪದದ ಕೊನೆಗೆ ಉಕಾರ ಸೇರಿಸಿ ಬೋಟು, ಸ್ಟಾರ್ಮು ಎನ್ನುವುದು ನಮ್ಮ ಭಾಷೆಯ ಸಹಜ ಒಲವು. ಕನ್ನಡ ವಾಕ್ಯದಲ್ಲಿ ಹಾಗೆ ಹೇಳುವುದು ಸರಿಯೇ, ಇಂಗ್ಲಿಷ್ ವಾಕ್ಯದಲ್ಲಿ ಬೇಡ ಎಂದಷ್ಟು ಹೇಳಿದರೆ ಸಾಕು.

ಉಚ್ಚಾರವಾಗದ ಅಕ್ಷರಗಳೂ ಈ ಕಥೆಯ ಸುತ್ತಮುತ್ತ ಬಹಳ. ಗಂಟು ಎಂಬರ್ಥದ ನಾಟ್ ಪದದಲ್ಲಿ ಮೊದಲ ಅಕ್ಷರ ಮೌನ, ಹಡಗಿನ ಭಗ್ನಾವಶೇಷಕ್ಕೆ ಹೇಳುವ ರೆಕ್ ಪದದಲ್ಲಿಯೂ ಮೊದಲಕ್ಷರ ಮೌನ, ಕಾಮ್ ಪದದ ನಡುವಿನ ಎಲ್ ಅಕ್ಷರ ಮೌನ. ದ್ವೀಪ ಎಂಬರ್ಥದ ಐಲ್ಯಾಂಡ್ ಪದದಲ್ಲಿರುವ ಎಸ್ ಅಕ್ಷರವಂತೂ ಹುಟ್ಟಿನಿಂದ ಬಂದದ್ದೇ ಅಲ್ಲ. ಐಲ್ ಎಂಬ ಬೇರೊಂದು ಪದವನ್ನು ನೋಡಿ ಬರೆಯುವವರು ನಡುವೆ ಸೇರಿಸಿದ್ದು. ಇದನ್ನು ಕೇಳಿದ ಮಕ್ಕಳು ಆ ಕಾಗುಣಿತವನ್ನು ಮತ್ತೆ ತಪ್ಪುವುದಿಲ್ಲ.

ಸಿಂಕ್, ಸ್ಯಾಂಕ್, ಸಂಕ್ ಇವನ್ನು ಯಾವಾಗ ಹೇಳಿಕೊಡಬೇಕು?

ಕಥೆಯನ್ನು ಮರಳಿ ಹೇಳುವಾಗ. ನಡೆದುಹೋದ ಸಂಗತಿಯಾದ್ದರಿಂದ ಭೂತಕಾಲ ಬೇಕೇಬೇಕಾಗುತ್ತದೆ. ಗಾಳಿ ಬ್ಲೂ (ಬೀಸಿತು), ಹುಡುಗಿ ಕ್ಲಂಗ್, ಅಪ್ಪ ಹೆಲ್ಡ್, ಅಲೆ ಬ್ರೋಕ್ ಎಂದು ವಾಕ್ಯದೊಳಗೇ ಬರಲಿ. ಮೂರು ರೂಪಗಳ ಕೋಷ್ಟಕವನ್ನು ಬರೆಸುವುದಾದರೆ ಅದಾದ ಒಂದು ವಾರದ ನಂತರ ಬರೆಸಿ.

ಇವತ್ತು ಎಲ್ಲ ಹೇಳುತ್ತಾರೆ, ಮುಂದಿನ ವಾರ ಕೇಳಿದರೆ ಒಬ್ಬರಿಗೂ ಬರುವುದಿಲ್ಲ. ಏನು ಮಾಡುವುದು?

ಮರೆವು ಮೊದಲ ಗಂಟೆಗಳಲ್ಲಿ, ದಿನಗಳಲ್ಲಿ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ನಡೆಯುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದರು. ಹಾಗಾಗಿ ಮಕ್ಕಳ ಮೇಲೆ ಬೇಸರ ಬೇಡ, ಕಥೆಗೆ ಮರಳುವ ದಿನಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ. ಮರುದಿನ, ಮೂರನೆಯ ದಿನ, ವಾರದ ಬಳಿಕ, ಮೂರು ವಾರದ ಬಳಿಕ ನಾನು ಹತ್ತೇ ನಿಮಿಷ ಮರಳುತ್ತೇನೆ. ಪ್ರತಿ ಸಲವೂ ಪುಸ್ತಕ ತೆರೆಯುವ ಮೊದಲೇ ನೆನಪಿಸಿಕೊಳ್ಳಲು ಹೇಳಬೇಕು. ತಡಕಾಡಿ ಹೊರತೆಗೆದ ಪದ, ಕಣ್ಣಾಡಿಸಿದ ಪದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ.

ನನಗೇ ಇಂಗ್ಲಿಷ್ ಅಷ್ಟಕ್ಕಷ್ಟೆ ಮೇಡಂ. ಮನೆಯಲ್ಲಿ ಮಗಳಿಗೆ ನಾನೇನು ಸಹಾಯ ಮಾಡಲಿ?

ಅವಳಿಂದ ಕಥೆ ಕೇಳಿ. ಕನ್ನಡದಲ್ಲಿ ಹೇಳಲಿ, ಇಂಗ್ಲಿಷ್ ಪದ ಬರುವ ಜಾಗದಲ್ಲಿ ಇಂಗ್ಲಿಷ್ ಪದವನ್ನೇ ಹಾಕಲಿ: ಹಗ್ಗ ಸ್ನ್ಯಾಪ್ ಆಯಿತು ಅಮ್ಮಾ, ದೋಣಿ ಡ್ರಿಫ್ಟ್ ಆಗುತ್ತಾ ಹೋಯಿತು. ಆಗ ನೀವು ಹಾಗೆಂದರೇನು ಎಂದು ಕೇಳಿ, ಅವಳು ವಿವರಿಸಲಿ. ತಾಯಿಗೆ ಪಾಠ ಹೇಳಿಕೊಟ್ಟ ಮಗು ಆ ಪದವನ್ನು ಕೈಬಿಡುವುದಿಲ್ಲ. ನಿಮ್ಮ ಇಂಗ್ಲಿಷ್ ಕಡಿಮೆಯೆಂಬುದು ಇಲ್ಲಿ ಅಡ್ಡಿಯೇ ಅಲ್ಲ.

## ಮುಂದಿನ ಹಂತದವು

ಸ್ಟಾರ್ಮ್, ಗೇಲ್, ಸೈಕ್ಲೋನ್, ಹರಿಕೇನ್, ಟೈಫೂನ್ ಎಲ್ಲವನ್ನೂ ಒಂದೇ ದಿನ ಕಲಿಸಿದರೆ ಹೋಲಿಸಿ ನೋಡಬಹುದಲ್ಲವೇ?

ಹೋಲಿಕೆ ನಮಗೆ ಸುಲಭ, ಏಕೆಂದರೆ ನಮಗೆ ಆ ಪದಗಳು ಮೊದಲೇ ಗೊತ್ತು. ಹೊಸದಾಗಿ ಕಲಿಯುವವರಿಗೆ ಅರ್ಥದಲ್ಲಿ ಹತ್ತಿರವಿರುವ ಪದಗಳನ್ನು ಒಟ್ಟಿಗೆ ಕೊಟ್ಟರೆ ಒಂದರೊಳಗೊಂದು ಕಲಸಿಹೋಗುತ್ತವೆ. 1990ರ ದಶಕದಲ್ಲಿ ಟಿಂಕಮ್ ಎಂಬ ಸಂಶೋಧಕರು ನಡೆಸಿದ ಪ್ರಯೋಗಗಳಲ್ಲಿ, ಹೀಗೆ ಒಂದೇ ಗುಂಪಿನ ಪದಗಳನ್ನು ಕಲಿಯುವುದು ಕಷ್ಟವಾಯಿತು, ಒಂದು ಸನ್ನಿವೇಶಕ್ಕೆ ಸೇರಿದ ಬೇರೆ ಬೇರೆ ಬಗೆಯ ಪದಗಳನ್ನು ಕಲಿಯುವುದು ಸುಲಭವಾಯಿತು. ಹಗ್ಗ, ತೇಲು, ಒದ್ದೆ, ದಡ ಎಂದು ಕಥೆಯ ಎಳೆಯಲ್ಲಿ ಪೋಣಿಸಿದ ಪದಗಳು ಎರಡನೆಯ ಬಗೆಯವು. ಆದ್ದರಿಂದ ಐದನೆಯ ತರಗತಿಗೆ ಸ್ಟಾರ್ಮ್ ಒಂದೇ ಸಾಕು.

ಏಳನೆಯ ತರಗತಿಯಲ್ಲಿ ಅದು ಗಟ್ಟಿಯಾದ ಮೇಲೆ ಉಳಿದುದನ್ನು ತೆರೆಯಬಹುದು. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ರೂಪಿಸಿದ ಗಾಳಿಯ ಮಾಪಕದಲ್ಲಿ 0ಯಿಂದ 12ರವರೆಗೆ ಹಂತಗಳಿವೆ; ಇಂದಿನ ಲೆಕ್ಕದಲ್ಲಿ 8ನೆಯ ಹಂತವಾದ ಗೇಲ್ ಎಂದರೆ 34ರಿಂದ 40 ನಾಟ್ ವೇಗದ ಗಾಳಿ, 10ನೆಯ ಹಂತವಾದ ಸ್ಟಾರ್ಮ್ ಎಂದರೆ 48ರಿಂದ 55 ನಾಟ್. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್. ಸೈಕ್ಲೋನ್, ಹರಿಕೇನ್, ಟೈಫೂನ್ ಮೂರೂ ಮೂಲತಃ ಒಂದೇ ವಿದ್ಯಮಾನ, ಕಡಲು ಬದಲಾದಂತೆ ಹೆಸರು ಬದಲಾಗುತ್ತದೆ: ಹಿಂದೂ ಮಹಾಸಾಗರದಲ್ಲಿ ಸೈಕ್ಲೋನ್, ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಪೆಸಿಫಿಕ್‌ನ ವಾಯವ್ಯ ಭಾಗದಲ್ಲಿ ಟೈಫೂನ್. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ಕಾಡಿದ ತೌಕ್ತೆ ಚಂಡಮಾರುತದ ಹೆಸರನ್ನು ಕೊಟ್ಟದ್ದು ಮ್ಯಾನ್ಮಾರ್. ಅಲ್ಲಿನ ಭಾಷೆಯಲ್ಲಿ ಅದು ಒಂದು ಜಾತಿಯ ಹಲ್ಲಿಯ ಹೆಸರು.

ಪದಗಳ ಮೂಲವನ್ನು ಹೇಳುವುದರಿಂದ ಮಕ್ಕಳಿಗೆ ಪ್ರಯೋಜನ ಇದೆಯೇ, ಅಥವಾ ಅದು ದೊಡ್ಡವರ ಆಸಕ್ತಿ ಮಾತ್ರವೇ?

ಕಡಲ ಪದಗಳ ಮಟ್ಟಿಗೆ ಪ್ರಯೋಜನ ಇದ್ದೇ ಇದೆ, ಏಕೆಂದರೆ ಹಲವು ಪದಗಳು ನಮ್ಮ ದಡದಿಂದಲೇ ಹೊರಟವು ಅಥವಾ ನಮ್ಮ ದಡ ಮುಟ್ಟಿ ಹೋದವು. ಕ್ಯಾಟಮರಾನ್ ಎಂಬ ಇಂಗ್ಲಿಷ್ ಪದ ತಮಿಳಿನ ಕಟ್ಟುಮರಂ. ಕಟ್ಟು ಮತ್ತು ಮರ ಎರಡೂ ಕನ್ನಡದವೂ ಹೌದಾದ್ದರಿಂದ ನಮ್ಮ ಮಕ್ಕಳು ಅದನ್ನು ತಾವೇ ಬಿಡಿಸಿ ಅರ್ಥ ಹೇಳಬಲ್ಲರು. ಮಾನ್ಸೂನ್ ಪದ ಋತು ಎಂಬರ್ಥದ ಅರಬ್ಬಿ ಭಾಷೆಯ ಮೌಸಿಮ್‌ನಿಂದ ಹೊರಟು ಪೋರ್ಚುಗೀಸರ ಬಾಯಿ ಹಾಯ್ದು ಇಂಗ್ಲಿಷಿಗೆ ಬಂತು. ಟೈಫೂನ್ ಪದದ ಹಿಂದಿರುವ ಎಳೆಗಳಲ್ಲಿ ಒಂದು, ನಮ್ಮ ಮೀನುಗಾರರು ಇಂದಿಗೂ ಹೇಳುವ ತೂಫಾನು. ಸೈಕ್ಲೋನ್ ಪದ ಹುಟ್ಟಿದ್ದು ಕಲ್ಕತ್ತದಲ್ಲಿ: ಹೆನ್ರಿ ಪಿಡಿಂಗ್ಟನ್ ಎಂಬಾತ ಬಂಗಾಳ ಕೊಲ್ಲಿಯ ಬಿರುಗಾಳಿಗಳನ್ನು ಅಧ್ಯಯನ ಮಾಡಿ, ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಪದವೊಂದರಿಂದ ಅದನ್ನು ಟಂಕಿಸಿ 1848ರಲ್ಲಿ ನಾವಿಕರಿಗಾಗಿ ಬರೆದ ಪುಸ್ತಕದಲ್ಲಿ ಬಳಸಿದ. ಇಂಗ್ಲಿಷ್ ಪರಕೀಯವೆಂದು ಹೆದರುವ ಮಗುವಿಗೆ, ಈ ಭಾಷೆಯೊಳಗೆ ನಮ್ಮ ಮರವೂ ನಮ್ಮ ಮಳೆಯೂ ಇವೆ ಎಂದು ತಿಳಿಯುವುದು ಸಣ್ಣ ಸಂಗತಿಯಲ್ಲ.

ಕಥೆಯ ಜೊತೆಗೆ ಯಾವ ಚಟುವಟಿಕೆ ಮಾಡಿಸಬಹುದು? ಖಾಲಿ ಜಾಗ ತುಂಬಿಸಿ ಬೇಸರವಾಗಿದೆ.

ಒಂದು ಸಮಸ್ಯೆ ಕೊಡಿ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಎನ್.ಎಸ್. ಪ್ರಭು ಅವರು ನಡೆಸಿದ, ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾದ ಪ್ರಯೋಗದಲ್ಲಿ ಮಕ್ಕಳು ನಕ್ಷೆ, ವೇಳಾಪಟ್ಟಿಗಳನ್ನು ಹಿಡಿದು ಲೆಕ್ಕಾಚಾರ ಮಾಡುತ್ತಿದ್ದರು. ಅರ್ಥದ ಕಡೆ ಮನಸ್ಸು ನೆಟ್ಟಿರುವಾಗ ಭಾಷೆ ತಾನಾಗಿ ಬರುತ್ತದೆ ಎಂಬುದು ಅದರ ಹಿಂದಿನ ನಂಬಿಕೆಯಾಗಿತ್ತು. ಅದನ್ನು ಅನುಸರಿಸಿ ನಾನು ಕಪ್ಪುಹಲಗೆಯ ಮೇಲೆ ಕಡಲಿನ ನಕ್ಷೆ ಬರೆಯುತ್ತೇನೆ. ದಡ 12 ನಾಟಿಕಲ್ ಮೈಲಿ ದೂರ, ದ್ವೀಪ 6 ನಾಟಿಕಲ್ ಮೈಲಿ ದೂರ, ದೋಣಿಯ ವೇಗ 3 ನಾಟ್, ಬಿರುಗಾಳಿ 3 ಗಂಟೆಯಲ್ಲಿ ಬರಲಿದೆ. ದೋಣಿಯನ್ನು ಯಾವ ಕಡೆಗೆ ಸ್ಟಿಯರ್ ಮಾಡಬೇಕು? ದಡಕ್ಕೆ 4 ಗಂಟೆ, ದ್ವೀಪಕ್ಕೆ 2 ಗಂಟೆ ಎಂದು ಲೆಕ್ಕ ಹಾಕಿದ ಮಕ್ಕಳು, ಶೋರ್, ಐಲ್ಯಾಂಡ್, ಸ್ಟಿಯರ್, ಸಿಂಕ್ ಪದಗಳನ್ನು ಹಿಡಿದು ವಾದಕ್ಕೇ ನಿಲ್ಲುತ್ತಾರೆ. ವಾಕ್ಯಗಳು ಅರ್ಧ ಮುರಿದಿರುತ್ತವೆ, ಆ ಹೊತ್ತಿನಲ್ಲಿ ನಾನು ತಿದ್ದುವುದಿಲ್ಲ.

ನಮ್ಮದು ಮೀನುಗಾರರ ಊರು. ತಂದೆಯನ್ನು ಕಡಲಲ್ಲಿ ಕಳೆದುಕೊಂಡ ಮಗು ತರಗತಿಯಲ್ಲಿದ್ದರೆ ಈ ಕಥೆ ಹೇಳಬಹುದೇ?

ಆ ವರ್ಷ ಹೇಳಬೇಡಿ. ನಾನು ಕರಾವಳಿಯಲ್ಲಿದ್ದಾಗ ವಿಚಾರಿಸದೆ ಕಥೆ ಆರಂಭಿಸಿ, ಹಗ್ಗ ಹರಿದ ಹೊತ್ತಿಗೆ ಒಬ್ಬ ಹುಡುಗ ತಲೆ ತಗ್ಗಿಸಿ ಕುಳಿತದ್ದನ್ನು ಕಂಡೆ. ಅಲ್ಲಿಗೇ ನಿಲ್ಲಿಸಿದೆ. ಅಂದಿನಿಂದ ವರ್ಷದ ಆರಂಭದಲ್ಲೇ ಊರಿನವರಿಂದ, ಹಳೆಯ ಶಿಕ್ಷಕರಿಂದ ಮನೆಗಳ ವಿಷಯ ತಿಳಿದುಕೊಳ್ಳುತ್ತೇನೆ. ಅದೇ ಪದಗಳನ್ನು ಹೊತ್ತುಕೊಳ್ಳಬಲ್ಲ ಬೇರೆ ಕಥೆ ಕಟ್ಟುವುದು ಕಷ್ಟವಲ್ಲ. ಮಳೆಯಲ್ಲಿ ಕೊಚ್ಚಿಹೋಗುತ್ತಿದ್ದ ನಾಯಿಮರಿಯನ್ನು ಕಾಲುವೆಯಿಂದ ಎತ್ತಿದ ಕಥೆಯಲ್ಲೂ ರೆಸ್ಕ್ಯೂ, ಕ್ಲಿಂಗ್, ಸೋಕ್ಡ್ ಬರುತ್ತವೆ.

ಪದ ಬಂದಿದೆ ಎಂದು ಪರೀಕ್ಷಿಸುವುದು ಹೇಗೆ? ಅರ್ಥ ಬರೆಸಿದರೆ ಸಾಲದೇ?

ಸಾಲದು. ಸಮುದ್ರವನ್ನು ತೆಗೆದುಹಾಕಿ ಕೇಳಿ. ಪರೀಕ್ಷೆಯಲ್ಲಿ ನಾನು ನೆಲದ ಮೇಲಿನ ಐದು ಸನ್ನಿವೇಶಗಳನ್ನು ಕೊಡುತ್ತೇನೆ: ಗಾಳಿಪಟದ ದಾರ ಹರಿದದ್ದು, ಮಳೆಯಲ್ಲಿ ನೆನೆದು ಬಂದ ಪೋಸ್ಟ್‌ಮನ್, ಜಾತ್ರೆಯ ಗದ್ದಲದಲ್ಲಿ ಅಜ್ಜನ ಕೈ ಬಿಡದ ಮಗು, ಬಾವಿಗೆ ಬಿದ್ದ ಕರುವನ್ನು ಮೇಲೆತ್ತಿದ್ದು, ಜಗಳದ ನಂತರ ಶಾಂತವಾದ ಮನೆ. ಯಾವ ಪದ ಎಲ್ಲಿ ಹೊಂದುತ್ತದೆ ಎಂದು ಹೇಳಿ, ಒಂದು ವಾಕ್ಯ ಮಾಡಿದ ಮಗುವಿಗೆ ಪದ ಬಂದಿದೆ. ವಾಕ್ಯದಲ್ಲಿ ವ್ಯಾಕರಣ ತಪ್ಪಿದ್ದರೂ ಪದಕ್ಕೆ ಪೂರ್ಣ ಅಂಕ ಕೊಡುತ್ತೇನೆ, ಏಕೆಂದರೆ ನಾನು ಅಂದು ಅಳೆಯುತ್ತಿರುವುದು ಪದವನ್ನು.

ಕೊನೆಯಲ್ಲಿ ಮಕ್ಕಳಿಂದ ಏನು ಬರೆಸಬೇಕು?

ಅದೇ ರಾತ್ರಿಯನ್ನು ಬೇರೆಯವರ ಕಣ್ಣಿನಿಂದ ಬರೆಸಿ: ದಡದಲ್ಲಿ ಕಾಯುತ್ತಿದ್ದ ಅಮ್ಮ, ಕಾಪಾಡಲು ಬಂದ ದೋಣಿಯ ಹುಡುಗ, ದೀಪಸ್ತಂಭದ ಕಾವಲುಗಾರ. 11 ಪದಗಳಲ್ಲಿ ಯಾವುದಾದರೂ 6 ಬಂದರೆ ಸಾಕು, ಎಂಟು ವಾಕ್ಯಗಳಿಗಿಂತ ಹೆಚ್ಚು ಬೇಡ. ಕಳೆದ ವರ್ಷ ಒಬ್ಬಳು ಹರಿದುಹೋದ ಲಂಗರಿನ ಕಣ್ಣಿನಿಂದ ಬರೆದಳು. ಕಡಲ ತಳದಲ್ಲಿ ಕುಳಿತ ಲಂಗರಿಗೆ ಮೇಲಿನ ಗಾಳಿಯ ಸದ್ದು ಕೇಳುವುದಿಲ್ಲ, ಅಲ್ಲಿ ಎಲ್ಲವೂ ಕಾಮ್. ದೋಣಿ ದಡ ಸೇರಿತೋ ಇಲ್ಲವೋ ಎಂದು ಅದು ಇನ್ನೂ ಯೋಚಿಸುತ್ತಿದೆ ಎಂದು ಅವಳು ಕೊನೆಯ ವಾಕ್ಯ ಬರೆದಿದ್ದಳು.